ಹೆದ್ದಾರಿ ದಾಟಿದ ಮತಗಟ್ಟೆ

ಶಾಲೆಯ ಪಡುಗೋಡೆಯ ಬಿರುಕಿನೊಳಗೆ ನನ್ನ ಅಂಗೈ ಪೂರ್ತಿ ಹೋಯಿತು. ಪಕ್ಕದಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ, “ಕಳೆದ ವರ್ಷ ಒಂದು ಬೆರಳು ಮಾತ್ರ ಹೋಗ್ತಿತ್ತು ಸರ್” ಎಂದರು. ಹಳೆಯ ಕೆಂಪುಕಲ್ಲಿನ ಗೋಡೆ, ಮೇಲೆ ಹಂಚಿನ ಮಾಡು. ಮಾಡಿನ ಭಾರವೆಲ್ಲ ಆ ಗೋಡೆಯನ್ನು ಹೊರಗೆ ತಳ್ಳುತ್ತಿತ್ತು. ನಾನು ರಸ್ತೆ, ಮೋರಿಗಳ ಇಂಜಿನಿಯರ್. ಕಟ್ಟಡ ನನ್ನ ವಿಭಾಗವಲ್ಲ. ಆದರೂ ಆ ಗೋಡೆಯ ಬಗ್ಗೆ ಯಾರ ಅಭಿಪ್ರಾಯವನ್ನೂ ಕೇಳಬೇಕಾಗಿರಲಿಲ್ಲ. ಅಲ್ಲಿ ಮತಗಟ್ಟೆ ನಡೆಸುವುದು ಸಾಧ್ಯವಿಲ್ಲ ಎಂದು ನಿಂತಲ್ಲೇ ತೀರ್ಮಾನಿಸಿದೆ.

ಚುನಾವಣೆ ಬಂತೆಂದರೆ ನಮ್ಮಂಥವರನ್ನು ಸೆಕ್ಟರ್ ಅಧಿಕಾರಿ ಮಾಡುತ್ತಾರೆ. ಹತ್ತು ಹನ್ನೆರಡು ಮತಗಟ್ಟೆಗಳ ನೀರು, ಬೆಳಕು, ದಾರಿ, ಕೊನೆಗೆ ಯಂತ್ರ ಹೊತ್ತ ಬಸ್ಸು ತಿರುಗುವ ಜಾಗ, ಎಲ್ಲಕ್ಕೂ ನಾವೇ ಜವಾಬ್ದಾರರು. ನನ್ನ ಪಾಲಿಗೆ ಆ ಸಲ ಬಂದದ್ದು ಸುರತ್ಕಲ್‌ನಿಂದ ಕಾಟಿಪಳ್ಳದ ಕಡೆಗಿನ ಭಾಗ. ಹಿಂದೆ ಬಂದರಿಗಾಗಿ ಜಾಗ ಬಿಟ್ಟು ಬಂದ ಕುಟುಂಬಗಳು ಅಲ್ಲಿ ಬ್ಲಾಕು ಬ್ಲಾಕಾಗಿ ನೆಲೆಸಿವೆ. ಬಿರುಕು ಬಿಟ್ಟ ಶಾಲೆಯಲ್ಲಿ ಮತ ಹಾಕುತ್ತಿದ್ದವರೂ ಅವರೇ.

ಮತಗಟ್ಟೆ ಎಂದರೆ ನಾಲ್ಕು ಮೇಜು, ಒಂದು ಯಂತ್ರ, ಎಲ್ಲಿಟ್ಟರೇನು ಎಂದು ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಹಾಗಿಲ್ಲ. ಮತಗಟ್ಟೆಗಳ ಪಟ್ಟಿಯ ಕರಡನ್ನು ಮೊದಲು ಪ್ರಕಟಿಸಬೇಕು, ಪಕ್ಷಗಳನ್ನು ಕರೆದು ಕೇಳಬೇಕು, ಆಕ್ಷೇಪಣೆ ವಿಲೇವಾರಿ ಮಾಡಬೇಕು, ಆಮೇಲೆ ಚುನಾವಣಾ ಆಯೋಗ ಒಪ್ಪಬೇಕು. ಒಮ್ಮೆ ಒಪ್ಪಿದ ಮೇಲೆ ಆಯೋಗದ ಅನುಮತಿಯಿಲ್ಲದೆ ಜಿಲ್ಲಾಧಿಕಾರಿಯೂ ಅದನ್ನು ಪಕ್ಕದ ಕೋಣೆಗೆ ಸರಿಸುವಂತಿಲ್ಲ. ಇಷ್ಟು ಬಿಗಿ ಯಾಕೆಂದು ತರಬೇತಿಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಹೇಳಿದ್ದರು: ಒಬ್ಬರ ಮತ ಕಿತ್ತುಕೊಳ್ಳಲು ಪಟ್ಟಿಯಿಂದ ಹೆಸರು ಅಳಿಸಬೇಕೆಂದೇನಿಲ್ಲ, ಮತಗಟ್ಟೆಯನ್ನು ದೂರ ಮಾಡಿದರೂ ಸಾಕು. ಆ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡದ್ದೆಲ್ಲ ತಲೆಗೆ ಹೋಗುತ್ತದೆ ಎಂದು ಯಾರೂ ಹೇಳಿಲ್ಲವಲ್ಲ.

ಬದಲಿ ಜಾಗ ಹುಡುಕಲು ನನಗೆ ಸಿಕ್ಕಿದ್ದು ಎರಡು ದಿನ. ಹತ್ತಿರದಲ್ಲಿ ಒಂದು ಮದ್ರಸ ಇತ್ತು, ಒಂದು ಭಜನಾ ಮಂದಿರ ಇತ್ತು. ಎರಡರವರೂ ಸಂತೋಷದಿಂದ ಬೀಗದ ಕೈ ಕೊಡಲು ತಯಾರಿದ್ದರು. ಆದರೆ ಧಾರ್ಮಿಕ ಜಾಗ ಕೂಡದು. ಯುವಕ ಮಂಡಲದ ಕಟ್ಟಡ ಚೆನ್ನಾಗಿತ್ತು, ಅದರ ಎದುರಿಗೇ ಒಂದು ಪಕ್ಷದ ಕಚೇರಿ. ಇನ್ನೂರು ಮೀಟರಿನೊಳಗೆ ಪಕ್ಷದ ಕಚೇರಿ ಇರಬಾರದು. ಉಳಿದದ್ದು ಹೆದ್ದಾರಿಯ ಆಚೆ ಬದಿಯ ಒಂದು ಖಾಸಗಿ ಶಾಲೆ. ಅದರಲ್ಲಿ ಬೇರೊಂದು ಭಾಗದ ಮತಗಟ್ಟೆ ಮೊದಲಿನಿಂದಲೂ ಇತ್ತು. ಇಳಿಜಾರು ದಾರಿ, ಶೌಚಾಲಯ, ಕುಡಿಯುವ ನೀರು, ಒಳಗೆ ಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು. ನಮೂನೆಯ ಎಲ್ಲ ಕಾಲಂಗಳಿಗೂ ‘ಇದೆ’ ಎಂದು ಬರೆಯುವ ಭಾಗ್ಯ ಸೆಕ್ಟರ್ ಅಧಿಕಾರಿಗೆ ದಿನಾ ಸಿಗುವುದಿಲ್ಲ. ಖುಷಿಯಿಂದ ಬರೆದೆ.

‘ಅಂತರ’ ಎಂಬ ಕಾಲಂ ಇತ್ತು. ಜೀಪಿನ ಮೀಟರ್ ನೋಡಿಕೊಂಡು ಹಳೆಯ ಶಾಲೆಯಿಂದ ಹೊಸ ಶಾಲೆಗೆ ಹೋದೆ. ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಎರಡು ಕಿಲೋಮೀಟರ್ ಮೀರಬಾರದು ಎಂಬುದು ನಿಯಮ. ಒಂದು ಪಾಯಿಂಟ್ ಒಂದು ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತೆರಡು ವರ್ಷ ರಸ್ತೆ ಅಳೆದೇ ಸಂಬಳ ತಿಂದವನು ನಾನು. ಎಲ್ಲಿಂದ ಅಳೆಯಬೇಕು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಪಕ್ಷಗಳ ಪ್ರತಿನಿಧಿಗಳ ಸಭೆಯಲ್ಲೂ ಯಾರೂ ಯೋಚಿಸಲಿಲ್ಲ. ಬಂದವರೆಲ್ಲ ಬೈಕಿನಲ್ಲಿ ಬಂದವರು. “ಒಳ್ಳೆ ಜಾಗ ಸರ್, ಪಾರ್ಕಿಂಗ್ ಕೂಡ ಉಂಟು” ಎಂದು ಒಬ್ಬರು ಹೊಗಳಿದರು. ಎಲ್ಲರೂ ಆಕ್ಷೇಪವಿಲ್ಲವೆಂದು ಬರೆದುಕೊಟ್ಟರು. ಪ್ರಸ್ತಾವನೆ ಮೇಲೆ ಹೋಯಿತು, ಒಪ್ಪಿಗೆ ಬಂತು. ನಿಯಮದಂತೆ ಹಳೆಯ ಶಾಲೆಯ ಗೇಟಿಗೆ ನೋಟೀಸು ಅಂಟಿಸಿದೆವು, ಅಭ್ಯರ್ಥಿಗಳಿಗೆ ಪತ್ರ ಕೊಟ್ಟೆವು, ರಿಕ್ಷಾಕ್ಕೆ ಮೈಕು ಕಟ್ಟಿ ಎರಡು ದಿನ ಎಲ್ಲ ಬ್ಲಾಕುಗಳಲ್ಲಿ ಕೂಗಿಸಿದೆವು. ಒಂದು ತಲೆನೋವು ಕಳೆಯಿತೆಂದು ನಾನು ಉಳಿದ ಮತಗಟ್ಟೆಗಳ ಕಡೆ ತಿರುಗಿದೆ.

ಮೂರನೆಯ ದಿನ ಆ ಭಾಗದ ಬಿಎಲ್‌ಒ ಫೋನು ಮಾಡಿದರು. ಮನೆಮನೆಗೆ ಹೋಗಿ ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸ ಅವರದು. ವೃತ್ತಿಯಿಂದ ಅಂಗನವಾಡಿ ಟೀಚರ್. ಅಲ್ಲಿಯದೇ ಬ್ಯಾರಿ ಕುಟುಂಬದವರು. ಹೆಚ್ಚು ಮಾತಾಡುವವರಲ್ಲ.

“ಸರ್, ನಾಳೆ ಹನ್ನೊಂದು ಗಂಟೆಗೆ ಒಮ್ಮೆ ಬರ್ಲಿಕ್ಕೆ ಆಗ್ತದಾ? ಜೀಪು ಬೇಡ. ನಡೀಲಿಕ್ಕೆ ಆಗುವ ಚಪ್ಪಲಿ ಹಾಕಿ ಬನ್ನಿ.”

“ಎಂತ ವಿಷಯ ಟೀಚರ್?”

“ಬಂದ ಮೇಲೆ ಹೇಳ್ತೇನೆ.”

ಅಧಿಕಾರಿಗೆ ಚಪ್ಪಲಿಯ ಬಗ್ಗೆ ಆದೇಶ ಕೊಡುವ ಬಿಎಲ್‌ಒ! ಸಿಟ್ಟು ಬಂತು, ಆದರೂ ಹೋದೆ. ಅವರು ನನ್ನನ್ನು ಕೊನೆಯ ಬ್ಲಾಕಿಗೆ ಕರೆದುಕೊಂಡು ಹೋದರು. ಹಳೆಯ ಶಾಲೆಯಿಂದ ಆ ಬ್ಲಾಕು ಒಂದೂಕಾಲು ಕಿಲೋಮೀಟರು ಹಿಂದಕ್ಕಿದೆ. ಅಲ್ಲಿನ ಕಟ್ಟಕಡೆಯ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಟೀಚರ್ ಅವರಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಅಜ್ಜಿ ಮೊರ ಬದಿಗಿಟ್ಟು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಎದ್ದರು.

“ಈ ಮಾಮಿ ನಮ್ಮೊಟ್ಟಿಗೆ ಹೊಸ ಶಾಲೆಗೆ ನಡೀತಾರೆ ಸರ್. ನೀವು ಸುಮ್ಮನೆ ಜೊತೆಗೆ ಬನ್ನಿ” ಎಂದರು ಟೀಚರ್.

ನಡೆದೆವು. ಅಜ್ಜಿಯ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಅಜ್ಜಿ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು, ನಿಂತದ್ದಕ್ಕೆ ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು. ಹಳೆಯ ಶಾಲೆ ಬರುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು. “ಇಲ್ಲಿಗೆ ನಾನು ಎಲ್ಲಾ ಸಲವೂ ಬಂದಿದ್ದೇನೆ, ಒಂದೂ ಬಿಟ್ಟದ್ದಿಲ್ಲ” ಎಂದು ಅಜ್ಜಿ ಗೇಟು ತೋರಿಸಿದರು. ನನ್ನ ಅಳತೆ ಶುರುವಾದದ್ದೇ ಆ ಗೇಟಿನಿಂದ. ಅಜ್ಜಿಯ ಅಳತೆ ಆಗಲೇ ಅರ್ಧ ಮುಗಿದಿತ್ತು.

ಹೆದ್ದಾರಿಗೆ ಬಂದಾಗ ರಿಫೈನರಿ ಕಡೆಯ ಟ್ಯಾಂಕರುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಜೀಪಿನಲ್ಲಿ ಹೋಗುವವನಿಗೆ ಅದು ಹಾರ್ನು ಹೊಡೆದು ದಾಟುವ ಜಾಗ. ಕಾಲ್ನಡಿಗೆಯಲ್ಲಿ ನಾವು ಎಷ್ಟು ಹೊತ್ತು ನಿಂತೆವೋ. ಅಜ್ಜಿ ಎರಡು ಸಲ ಕಾಲು ಮುಂದಿಟ್ಟು ಎರಡು ಸಲವೂ ಹಿಂದೆ ಬಂದರು. ಮೂರನೆಯ ಸಲ ಟೀಚರ್ ಅವರ ಕೈ ಹಿಡಿದಾಗ ಬಿಡಿಸಿಕೊಂಡು ಅಲ್ಲೇ ಕುಳಿತುಬಿಟ್ಟರು.

“ನನಗೆ ಆಗುದಿಲ್ಲ ಸರ್. ಓಟು ನೀವೇ ಹಾಕಿಬಿಡಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

“ಮನೆಯಲ್ಲೇ ಮತ ಹಾಕುವ ವ್ಯವಸ್ಥೆ ಉಂಟಲ್ಲ ಟೀಚರ್?”

“ಅದು ಎಂಬತ್ತೈದು ತುಂಬಿದವರಿಗೆ, ಇಲ್ಲಾ ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದವರಿಗೆ ಸರ್. ಮಾಮಿಗೆ ಕಾರ್ಡಿನಲ್ಲಿ ಎಪ್ಪತ್ತೆಂಟು. ಕಾಲಿನ ಸರ್ಟಿಫಿಕೇಟ್ ಮಾಡಿಸಿದವರು ಯಾರೂ ಇಲ್ಲ. ಇದು ಇವರೊಬ್ಬರ ಕಥೆ ಅಲ್ಲ. ಈ ಬ್ಲಾಕಿನ ಹೆಂಗಸರು ಬೆಳಿಗ್ಗೆ ಬೀಡಿ ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು, ಬರುವ ದಾರಿಯಲ್ಲಿ ಶಾಲೆಗೆ ಹೋಗಿ ಓಟು ಹಾಕುದು. ಹೆದ್ದಾರಿ ದಾಟಿ ಯಾರೂ ಹೋಗುದಿಲ್ಲ. ಅವರು ಗಲಾಟೆ ಮಾಡುದೂ ಇಲ್ಲ, ಅರ್ಜಿ ಕೊಡುದೂ ಇಲ್ಲ. ಸುಮ್ಮನೆ ಹೋಗುದಿಲ್ಲ, ಅಷ್ಟೇ.”

ಎರಡು ಕಿಲೋಮೀಟರ್ ಎಂದು ನಿಯಮ ಹೇಳುವುದು ಮತದಾರನ ಮನೆಯಿಂದ. ದಾರಿಯಲ್ಲಿ ದಾಟಲಾಗದ ಅಡ್ಡಿ ಇರಬಾರದು ಎಂದೂ ಅದೇ ನಿಯಮ ಹೇಳುತ್ತದೆ. ನಾನು ಅಳೆದದ್ದು ಕಟ್ಟಡದಿಂದ ಕಟ್ಟಡಕ್ಕೆ, ಅಲ್ಲಿ ಮತದಾರರೇ ಇರಲಿಲ್ಲ. ನಾಚಿಕೆಯಾಯಿತು. ಟೀಚರ್ ಎದುರು ಅದನ್ನು ಹೇಳುವಷ್ಟು ದೊಡ್ಡತನ ಆಗ ನನ್ನಲ್ಲಿರಲಿಲ್ಲ. “ನೋಡುವ” ಎಂದು ಹೇಳಿ ಬಸ್ಸು ಹತ್ತಿದೆ.

ಪೇಟೆಯ ಜೆಪ್ಪುವಿನಲ್ಲಿರುವ ನನ್ನ ಮನೆಗೆ ತಲುಪುವ ತನಕ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಪಕ್ಷಗಳು ಒಪ್ಪಿದ್ದವು, ಆಯೋಗ ಒಪ್ಪಿತ್ತು, ಕಡತದಲ್ಲಿ ಎಲ್ಲ ಸರಿಯಿತ್ತು. ಮತದಾನ ಕಡಿಮೆಯಾದರೆ ಬಿಸಿಲಿನ ಮೇಲೆ ಹಾಕಬಹುದಿತ್ತು. ಹಾಗೆ ಬಿಸಿಲಿನ ಮೇಲೆ ಹಾಕಿದ ವರದಿಗಳನ್ನು ನಾನೇ ಓದಿದ್ದೇನೆ. ಮಾತಾಡಿದರೆ, ಸಹಿ ಹಾಕಿದ ವರದಿ ತಪ್ಪೆಂದು ನಾನೇ ಬರೆದುಕೊಡಬೇಕು. ಚುನಾವಣೆ ಕೆಲಸದಲ್ಲಿ ತಪ್ಪು ವರದಿಗೆ ನೋಟೀಸು ಬರುವುದು ಖಂಡಿತ.

ಮರುದಿನ ಸಹಾಯಕ ಚುನಾವಣಾಧಿಕಾರಿಯ ಎದುರು ನಿಂತೆ. ಅವರು ಸಜ್ಜನರು, ಆದರೆ ಅಂದು ಮೂರು ಫೋನುಗಳ ನಡುವೆ ಸಿಕ್ಕಿಕೊಂಡಿದ್ದರು.

“ಎಂತ ಮಾರಾಯ್ರೆ, ಒಪ್ಪಿಗೆ ಬಂದದ್ದನ್ನು ಇನ್ನೊಮ್ಮೆ ಬದಲಾಯಿಸುದಾ? ಮತದಾರರಿಗೆ ತಲೆ ಕೆಡುದಿಲ್ವಾ?”

“ಕೆಡ್ತದೆ ಸರ್. ಆದರೆ ಈಗ ಇರುವ ಜಾಗಕ್ಕೆ ಅರ್ಧ ಜನ ಬರುದೇ ಇಲ್ಲ.”

“ಬದಲಿ ಎಲ್ಲಿ ಉಂಟು? ನೀವೇ ಬರೆದದ್ದಲ್ವಾ, ಬೇರೆ ಇಲ್ಲ ಅಂತ?”

“ತಪ್ಪು ಬರೆದದ್ದು ಸರ್. ಅದನ್ನೂ ಬರೆದುಕೊಡ್ತೇನೆ.”

ಬದಲಿ ಜಾಗ ನಿಜವಾಗಿ ನನ್ನ ಕಣ್ಣೆದುರಿಗೇ ಇತ್ತು. ಹಳೆಯ ಶಾಲೆಯ ಅಂಗಳದ ಮೂಡು ಮೂಲೆಯಲ್ಲಿ ಬಿಸಿಯೂಟದ ಕಟ್ಟಡ: ಒಂದು ಅಡುಗೆ ಕೋಣೆ, ಅದಕ್ಕೆ ತಾಗಿ ಮಕ್ಕಳು ಕುಳಿತು ಉಣ್ಣುವ ಒಂದು ಹಾಲ್. ಕಾಂಕ್ರೀಟು ಮಾಡು, ಕಟ್ಟಿ ಕೆಲವೇ ವರ್ಷವಾಗಿದೆ. ನಮೂನೆಯಲ್ಲಿ ‘ತರಗತಿ ಕೋಣೆಗಳು’ ಎಂದಿದ್ದುದರಿಂದ ನಾನು ತರಗತಿ ಕೋಣೆಗಳನ್ನಷ್ಟೇ ನೋಡಿದ್ದೆ. ಸಾರಿನ ವಾಸನೆ ಬರುವ ಕೋಣೆ ಮತಗಟ್ಟೆಯಾಗಬಹುದೆಂದು ಹೊಳೆಯಲೇ ಇಲ್ಲ. ಮುಖ್ಯೋಪಾಧ್ಯಾಯಿನಿಯನ್ನು ಕೇಳಿದರೆ, “ನೀವು ಕೇಳಲೇ ಇಲ್ಲ ಸರ್” ಎಂದರು.

ಈ ಸಲ ಟೇಪು ಹಿಡಿದು ಅಳೆದೆ. ಹಾಲ್ ಇಪ್ಪತ್ತು ಚದರ ಮೀಟರಿಗಿಂತ ದೊಡ್ಡದು, ನಿಯಮಕ್ಕೆ ಸಾಕು. ಬಿರುಕು ಬಿಟ್ಟ ಕಟ್ಟಡದ ಎತ್ತರ ತುದಿಯವರೆಗೆ ಐದೂವರೆ ಮೀಟರ್. ಅದು ಪೂರ್ತಿ ಇತ್ತ ಬಿದ್ದರೂ ಕಲ್ಲು ಸಿಡಿಯುವ ದೂರವನ್ನು ಸೇರಿಸಿ ಹನ್ನೆರಡು ಮೀಟರ್ ಬಿಡಬೇಕೆಂದು ಲೆಕ್ಕ ಹಾಕಿದೆ. ಗೋಡೆಯಿಂದ ಹಾಲ್‌ಗೆ ಹದಿನಾರು ಮೀಟರ್ ಇತ್ತು. ಆದರೆ ಮುಖ್ಯ ಗೇಟಿನಿಂದ ಬರುವ ದಾರಿ ಹಳೆಯ ಗೋಡೆಯ ಬುಡದಲ್ಲೇ ಹೋಗುತ್ತಿತ್ತು. ಹಿಂದಿನ ಕಂಪೌಂಡು ಒಡೆದು ಹೊಸ ದಾರಿ ಮಾಡಿ ಗೇಟು ಕೂರಿಸಬೇಕು, ಹಳೆಯ ಕಟ್ಟಡದ ಸುತ್ತ ತಗಡಿನ ಬೇಲಿ ಹಾಕಬೇಕು, ಹಾಲ್‌ಗೆ ಇಳಿಜಾರು ದಾರಿ ಕಟ್ಟಬೇಕು, ಗ್ಯಾಸಿನ ಸಿಲಿಂಡರುಗಳನ್ನು ಹೊರಗೆ ಸಾಗಿಸಬೇಕು. ಅಡುಗೆ ಕೋಣೆಯಿಂದ ಹಾಲ್‌ಗೆ ಅನ್ನ ದಾಟಿಸುವ ಕಿಂಡಿಯೊಂದಿತ್ತು; ಮತ ಹಾಕುವವರ ಬೆನ್ನಿಗೆ ಕಿಂಡಿ ಇದ್ದರೆ ಗೌಪ್ಯತೆ ಎಲ್ಲಿ? ಅದಕ್ಕೆ ಪ್ಲೈವುಡ್ ಹೊಡೆಸಬೇಕು. ಇಷ್ಟನ್ನೂ ಬರೆದೆ. ಕೊನೆಯಲ್ಲಿ, ಮೊದಲಿನ ವರದಿಯಲ್ಲಿ ಅಂತರವನ್ನು ನಾನು ತಪ್ಪಾಗಿ ಅಳೆದಿದ್ದೇನೆ, ಕೊನೆಯ ಬ್ಲಾಕಿನಿಂದ ಅದು ಎರಡು ಕಿಲೋಮೀಟರ್ ಮೀರುತ್ತದೆ, ಹೆದ್ದಾರಿ ಅಡ್ಡ ಬರುತ್ತದೆ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿದೆ. ಹಳೆಯ ಗೋಡೆ ಬಿದ್ದರೂ ಮತದಾರರಿಗೆ ಅಪಾಯವಿಲ್ಲ ಎಂಬ ಪ್ರಮಾಣಪತ್ರಕ್ಕೂ ಸಹಿ ನನ್ನದೇ.

ಪಕ್ಷಗಳ ಸಭೆ ಮತ್ತೆ ಕರೆಯಬೇಕಾಯಿತು. ಈ ಸಲ ಒಬ್ಬ ಪ್ರತಿನಿಧಿ ಎದ್ದು ನಿಂತರು. “ಒಮ್ಮೆ ಅತ್ತ, ಒಮ್ಮೆ ಇತ್ತ. ಇದರ ಹಿಂದೆ ಯಾರಿದ್ದಾರೆ ಸರ್? ಯಾರ ಓಟಿಗಾಗಿ ಇದು?” ಸಿಟ್ಟು ನೆತ್ತಿಗೇರಿತು. ಕುಳಿತಲ್ಲೇ ನುಂಗಿಕೊಂಡೆ. ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಕಾನೂನೇ ಕೊಟ್ಟಿತ್ತು. ಮೊದಲ ಸಭೆಯಲ್ಲಿ ಅವರು ಇಷ್ಟೇ ಜೋರಾಗಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಅವರನ್ನೂ ಉಳಿದವರನ್ನೂ ಕರೆದುಕೊಂಡು ಕೊನೆಯ ಬ್ಲಾಕಿನಿಂದ ಹೆದ್ದಾರಿಯ ತನಕ ನಡೆಸಿದೆ. ಹನ್ನೊಂದು ಗಂಟೆಯ ಬಿಸಿಲನ್ನೇ ಆರಿಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಹೆದ್ದಾರಿಯ ಅಂಚಿನಲ್ಲಿ ಆ ಪ್ರತಿನಿಧಿ ಬೆವರು ಒರೆಸಿಕೊಂಡು, “ಸಾಕು ಸರ್, ಎಲ್ಲಿ ಸೈನು ಮಾಡುದು?” ಎಂದರು.

ನನಗೆ ನೋಟೀಸು ಬಂತು, ಉತ್ತರ ಕೊಟ್ಟೆ. ಆಯೋಗದ ಒಪ್ಪಿಗೆ ಅದಕ್ಕಿಂತ ನಾಲ್ಕು ದಿನ ತಡವಾಗಿ ಬಂತು. ಮತದಾರರ ಚೀಟಿ ಮುದ್ರಣಕ್ಕೆ ಹೋಗುವ ಮೊದಲೇ ಬಂದದ್ದು ನಮ್ಮ ಪುಣ್ಯ. ಚೀಟಿಯಲ್ಲಿ ಸರಿಯಾದ ಜಾಗದ ಹೆಸರೇ ಬಂತು. ಮತ್ತೆ ನೋಟೀಸು, ಮತ್ತೆ ಪತ್ರ, ಮತ್ತೆ ರಿಕ್ಷಾ. ಮೈಕಿನವರೂ ಅವರೇ, ಧ್ವನಿಯೂ ಅದೇ, ಜಾಗ ಮಾತ್ರ ಬೇರೆ. ಜನ ಬಾಗಿಲಿಗೆ ಬಂದು ನಕ್ಕರು.

ಟೀಚರ್‌ಗೆ ಮೈಕಿನ ಮೇಲೆ ನಂಬಿಕೆ ಇರಲಿಲ್ಲ. ಬೀಡಿ ಕೊಡಲು ಹೆಂಗಸರೆಲ್ಲ ಬರುವ ಬ್ರಾಂಚಿನ ಎದುರು ಮೂರು ದಿನ ಬೆಳಿಗ್ಗೆ ಪಟ್ಟಿ ಹಿಡಿದು ನಿಂತರು. ಮೊರದಲ್ಲಿ ಬೀಡಿ ಕಟ್ಟುಗಳನ್ನು ತಂದವರಿಗೆ ಚೀಟಿ ಕೊಟ್ಟು, ತುಳುವಿನಲ್ಲೋ ಬ್ಯಾರಿಯಲ್ಲೋ ಜಾಗ ಹೇಳಿ, ಅದನ್ನು ಅವರ ಬಾಯಿಂದ ತಿರುಗಿ ಹೇಳಿಸಿಯೇ ಸಹಿ ತೆಗೆದುಕೊಂಡರು. ಬಾರದವರ ಚೀಟಿ ಮನೆಯ ಇನ್ನೊಬ್ಬರ ಕೈಗೆ ಹೋಯಿತು. ಅದಕ್ಕೂ ನಿಯಮದಲ್ಲಿ ಅವಕಾಶವಿದೆ. ಕೊನೆಯ ಮನೆಯ ಅಜ್ಜಿಯ ಚೀಟಿ ಸೊಸೆಯ ಕೈಗೆ ಹೋದದ್ದು ಹಾಗೆ. ಅಜ್ಜಿ ಮೊಮ್ಮಗಳ ಬಾಣಂತನಕ್ಕೆಂದು ಜೆಪ್ಪುವಿಗೆ ಹೋಗಿದ್ದರು.

ಮತದಾನದ ದಿನ ಏಳು ಗಂಟೆಗೆ ಬಿಸಿಯೂಟದ ಹಾಲ್‌ನ ಎದುರು ಸಾಲು ನಿಂತಿತು. ಹತ್ತು ಗಂಟೆಗೆ ಬೀಡಿ ಕೊಟ್ಟ ಹೆಂಗಸರು ಖಾಲಿ ಮೊರಗಳನ್ನು ಕಂಕುಳಲ್ಲಿ ಹಿಡಿದು ಗುಂಪಾಗಿ ಬಂದರು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿತ್ತು. ತಗಡಿನ ಬೇಲಿಯಾಚೆ ಹಳೆಯ ಗೋಡೆ ತೆಪ್ಪಗೆ ನಿಂತಿತ್ತು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹೆದ್ದಾರಿಯಾಚೆ ಖಾಸಗಿ ಶಾಲೆಯ ಗೇಟಿನಲ್ಲಿ ಒಬ್ಬ ನೌಕರನನ್ನು ಬೋರ್ಡು ಕೊಟ್ಟು ನಿಲ್ಲಿಸಿದ್ದೆ, ತಪ್ಪಿ ಅಲ್ಲಿಗೆ ಹೋದವರನ್ನು ಹಿಂದಕ್ಕೆ ಕಳಿಸಲು. ಬೆಳಿಗ್ಗೆ ಏಳೆಂಟು ಜನ ಹೋಗಿದ್ದರಂತೆ. ಎರಡು ಗಂಟೆಯ ಮೇಲೆ ಯಾರೂ ಬರಲಿಲ್ಲ. ನಾಲ್ಕು ಗಂಟೆಗೆ ಇನ್ನೊಂದು ಮತಗಟ್ಟೆಯಲ್ಲಿ ಸಾಲು ಉದ್ದವಾಗಿ ಜನ ಬೇಕಾಯಿತು. ಅವನನ್ನು ಅಲ್ಲಿಗೆ ಕಳಿಸಿದೆ. ಮತ್ತೊಮ್ಮೆ ಯೋಚಿಸಲಿಲ್ಲ.

ಆರು ಗಂಟೆಗೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಹೊರಗೆ ಬಂದು ಸಾಲಿನ ಕೊನೆಯಿಂದ ಮೊದಲಿಗೆ ನಂಬರಿನ ಚೀಟಿ ಹಂಚಿದರು; ಆ ಹೊತ್ತಿಗೆ ಸಾಲಿನಲ್ಲಿದ್ದವರಿಗೆ ಮಾತ್ರ ಮತ. ಹನ್ನೊಂದು ಜನ. ಗೇಟು ಹಾಕಿಸಿದರು. ಆ ಹನ್ನೊಂದು ಜನ ಮತ ಹಾಕುತ್ತಿರುವಾಗ ಹಿಂದಿನ ದಾರಿಯಲ್ಲಿ ಟೀಚರ್ ಓಡಿ ಬರುವುದು ಕಾಣಿಸಿತು, ಅವರ ಹಿಂದೆ ಕಾಲೆಳೆಯುತ್ತ ಅಜ್ಜಿ. ಗಂಟೆ ಆರು ಕಳೆದು ಎಂಟು ನಿಮಿಷವಾಗಿತ್ತು.

ಜೆಪ್ಪುವಿನಿಂದ ಬಂದ ಬಸ್ಸು ಅವರನ್ನು ಖಾಸಗಿ ಶಾಲೆಯ ಬದಿಯಲ್ಲೇ ಇಳಿಸಿತ್ತು. ಮೈಕಿನವರು ಮೊದಲ ಸಲ ಕೂಗಿದ್ದನ್ನು ಅವರು ಕಿವಿಯಾರೆ ಕೇಳಿದ್ದರು. ಎರಡನೆಯದು ಕೂಗುವಾಗ ಊರಲ್ಲಿರಲಿಲ್ಲ. ಗುರುತಿನ ಕಾರ್ಡು ಕೈಚೀಲದಲ್ಲಿತ್ತು, ಚೀಟಿ ಮನೆಯಲ್ಲಿತ್ತು. ನಾಲ್ಕೂವರೆಗೆ ಅಲ್ಲಿನ ಹೆಂಗಸರ ಸಾಲಿನಲ್ಲಿ ನಿಂತು, ಒಂದು ಗಂಟೆಯ ಮೇಲೆ ಮೇಜಿನ ಎದುರು ಹೋದಾಗ, ಇಲ್ಲಿ ನಿಮ್ಮ ಹೆಸರಿಲ್ಲ, ಹಳೆಯ ಶಾಲೆಗೇ ಹೋಗಿ ಎಂದರಂತೆ. ಆಮೇಲೆ ಆ ಹೆದ್ದಾರಿಯನ್ನು ಒಬ್ಬರೇ ದಾಟಿ ಬಂದಿದ್ದರು; ಟೀಚರ್ ಸಿಕ್ಕಿದ್ದು ಈಚೆ ಬಂದ ಮೇಲೆ.

ಒಳಗಿದ್ದ ಏಜೆಂಟರು ಎದ್ದು ಬಂದರು. ಅಚ್ಚರಿಯೆಂದರೆ ಎಲ್ಲ ಪಕ್ಷದವರೂ ಒಂದೇ ಮಾತು. “ಬಿಡಿ ಸರ್, ಪಾಪ, ಒಂದು ಅಜ್ಜಿ. ನಮ್ಮದೇನೂ ತಕರಾರಿಲ್ಲ.” ಯಾರು ಸಮಯಕ್ಕೆ ಮೊದಲು ಬಂದಿದ್ದರು ಎಂಬ ಪ್ರಶ್ನೆಯಲ್ಲಿ ಅಧ್ಯಕ್ಷಾಧಿಕಾರಿಯ ತೀರ್ಮಾನವೇ ಅಂತಿಮ. ಅವರು ನನ್ನ ಮುಖ ನೋಡಿದರು. “ಎಂತ ಮಾಡುದು ಸರ್?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಜ್ಜಿ ಆರು ಗಂಟೆಗೆ ಅಲ್ಲಿರಲಿಲ್ಲ; ಇದ್ದರು ಎಂದು ಬರೆದರೆ ಅದು ಸುಳ್ಳು. ಒಳ್ಳೆಯವರಿಗಾಗಿ ಇಂದು ಎಂಟು ನಿಮಿಷ ತೆರೆದ ಗೇಟು ನಾಳೆ ಯಾರಿಗಾಗಿ ತೆರೆಯುತ್ತದೆ ಎಂದು ನನಗೆ ಗೊತ್ತಿತ್ತು. “ಸಮಯ ಆಗಿದೆ” ಎಂದೆ. ನನ್ನ ಧ್ವನಿ ನನಗೇ ಅಸಹ್ಯವೆನಿಸಿತು.

ಟೀಚರ್ ಅದನ್ನು ಬ್ಯಾರಿಯಲ್ಲಿ ಹೇಳಿದರು. ಅಜ್ಜಿ ಗೇಟಿನ ಸರಳು ಹಿಡಿದರು. ಆಮೇಲೆ ಎಡಗೈಯನ್ನು ಸರಳುಗಳ ನಡುವಿನಿಂದ ಒಳಗೆ ಚಾಚಿ ನನ್ನನ್ನೇ ನೋಡಿದರು.

“ಓಟು ಬೇಡ ಸರ್. ಶಾಯಿ ಆದರೂ ಹಾಕಿ. ಮನೆಯಲ್ಲಿ ಎಲ್ಲರ ಬೆರಳಿಗೂ ಉಂಟು.”

ಅದೂ ಆಗುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ಅವರು ಕೈ ಹಿಂದೆ ತೆಗೆದುಕೊಂಡು, “ಆಯ್ತು ಸರ್, ನೀವು ಬೇಜಾರು ಮಾಡ್ಬೇಡಿ” ಎಂದರು. ಟೀಚರ್ ಅವರ ಕೈಚೀಲ ತೆಗೆದುಕೊಂಡರು. ಇಬ್ಬರೂ ಕೊನೆಯ ಬ್ಲಾಕಿನ ಕಡೆಗೆ ನಡೆದರು. ನಾನು ಅವರನ್ನು ಜೀಪಿನಲ್ಲಿ ಬಿಡುತ್ತೇನೆ ಎಂದು ಕೂಡ ಹೇಳಲಿಲ್ಲ. ಯಂತ್ರಕ್ಕೆ ಸೀಲು ಹಾಕುವ ಹೊತ್ತಾಗಿತ್ತು.

ಸೀಲಾದ ಮೇಲೆ ಸೆಕ್ಟರ್ ಅಧಿಕಾರಿಯ ವರದಿ ತೆಗೆದೆ. ಮತಗಟ್ಟೆಯ ಸ್ಥಳ ಬದಲಾವಣೆಯಿಂದ ಮತ ಹಾಕಲಾಗದವರು ಇದ್ದರೆ ಸಂಖ್ಯೆ ಮತ್ತು ಕಾರಣ ಬರೆಯಲು ಒಂದು ಸಾಲು ಜಾಗವಿತ್ತು. ಅಧ್ಯಕ್ಷಾಧಿಕಾರಿ ಪಕ್ಕದಲ್ಲಿ ಕುಳಿತು ಲಕೋಟೆಗಳಿಗೆ ಅರಗು ಹಾಕುತ್ತ, “ಅಲ್ಲಿ ಎಲ್ಲರೂ ‘ಇಲ್ಲ’ ಅಂತಲೇ ಬರೆಯುದು ಸರ್” ಎಂದರು. ನಾನು ‘ಒಬ್ಬರು’ ಎಂದು ಬರೆದೆ. ಕಾರಣದ ಜಾಗದಲ್ಲಿ ನನ್ನ ಹೆಸರು ಬರೆದೆ.